ಎಣಿಸಿದ್ದು, ಕೇಳಿದ್ದು, ಊಹಿಸಿದ್ದು

ಕಮಾಂಡ್ ಲೈನ್‌ನಲ್ಲಿ ಓಡುವ ಪ್ರೋಗ್ರಾಂ ತಾನು ಹಿಡಿದ ಕೆಲಸ ಎಲ್ಲಿಯವರೆಗೆ ಬಂತು ಎಂದು ಅಕ್ಷರ ಮತ್ತು ಚಿಹ್ನೆಗಳಲ್ಲೇ ತೋರಿಸುವ ಒಂದು ಸಾಲಿಗೆ ಪ್ರೋಗ್ರೆಸ್ ಬಾರ್ ಅಥವಾ ಪ್ರಗತಿಯ ಪಟ್ಟಿ ಎನ್ನುತ್ತಾರೆ. ಚೌಕ ಆವರಣದೊಳಗೆ ಒಂದಿಷ್ಟು ಗುರುತುಗಳು, ಉಳಿದ ಜಾಗದಲ್ಲಿ ಚುಕ್ಕಿಗಳು, ಪಕ್ಕದಲ್ಲಿ ಶೇಕಡಾವಾರು, ಅದರಾಚೆ ಇನ್ನೆಷ್ಟು ಹೊತ್ತು ಬೇಕೆಂಬ ಅಂದಾಜು. [########............] 40% ಎಂಬಷ್ಟೇ ಅದರ ರೂಪ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಕಚೇರಿಗಳಲ್ಲಿ ಬಿಲ್ಡ್ ಮುಗಿಯಲೆಂದು ಕಾಯುವವರು, ಡೌನ್‌ಲೋಡ್ ಇಳಿಯಲೆಂದು ಕಾಯುವವರು, ಪೀಣ್ಯದ ವರ್ಕ್‌ಶಾಪಿನಲ್ಲಿ ಕಂಪ್ಯೂಟರಿನಿಂದ ಸಿಎನ್‌ಸಿ ಮಷೀನಿಗೆ ಪ್ರೋಗ್ರಾಂ ಹೋಗಲೆಂದು ಕಾಯುವವರು ಇಂಥ ಸಾಲಿನ ಮೇಲೆ ಕಣ್ಣಿಟ್ಟು ಕೂರುತ್ತಾರೆ. ಆ ಸಾಲು ಅವರಿಗೆ ಎರಡು ಸಂಗತಿ ಹೇಳುತ್ತದೆ: ಆದದ್ದೆಷ್ಟು, ಆಗಬೇಕಾದದ್ದೆಷ್ಟು. ಮೊದಲನೆಯದನ್ನು ಪ್ರೋಗ್ರಾಂ ತಾನೇ ಎಣಿಸಿರಬಹುದು. ಎರಡನೆಯದು ಇನ್ನೂ ನಡೆದಿಲ್ಲ. ನಡೆಯದ ಸಂಗತಿಯನ್ನು ಗೊತ್ತಿರುವಂತೆ ಹೇಳುವ ಅಧಿಕಾರ ಅದಕ್ಕೆ ಎಲ್ಲಿಂದ ಬಂತು ಎಂಬುದು ತಾಂತ್ರಿಕ ಪ್ರಶ್ನೆಗಿಂತ ಹೆಚ್ಚಾಗಿ ತಾತ್ವಿಕ ಪ್ರಶ್ನೆ. ಯಾವ ಅರಿವನ್ನು ಯಾವ ಆಧಾರದ ಮೇಲೆ ನಂಬಬೇಕು ಎಂದು ನಮ್ಮ ದರ್ಶನಗಳು ಶತಮಾನಗಳ ಕಾಲ ನಡೆಸಿದ ಚರ್ಚೆ ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ.

ಬೆಂಗಳೂರಿನ ಹೊರವಲಯಕ್ಕೆ ಈ ಕಾಯುವಿಕೆ ಇಂದಿನದಲ್ಲ. ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಗರದಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆದು ಉಪಗ್ರಹ ಸಂಪರ್ಕದ ಮೂಲಕ ಕೆಲಸ ಶುರುಮಾಡಿತು. ಅಲ್ಲಿಂದೀಚೆಗೆ ದೂರದ ಯಂತ್ರದಿಂದ ಬರುವ ಬೈಟುಗಳಿಗಾಗಿ ಕಾದು ಕೂರುವುದು ಊರಿನ ದುಡಿಮೆಯ ಒಂದು ಭಾಗವೇ ಆಯಿತು.

ಸಾಲು ಬೆಳೆಯುವಂತೆ ಕಾಣುವುದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು. ಹಳೆಯ ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಎರಡು ಕೆಲಸ ಆಗುತ್ತಿದ್ದವು: ಕ್ಯಾರೇಜ್ ಸರಿದು ಬರೆಯುವ ಜಾಗ ಎಡದ ಅಂಚಿಗೆ ಮರಳುವುದು, ಕಾಗದ ಒಂದು ಸಾಲು ಮೇಲೆ ಸರಿಯುವುದು. ಟೆಲಿಪ್ರಿಂಟರ್‌ಗಳ ಕಾಲದಲ್ಲಿ ಇವೆರಡಕ್ಕೂ ಬೇರೆಬೇರೆ ಸಂಕೇತ ಇದ್ದವು. ಆಸ್ಕಿ ಸಂಕೇತಪಟ್ಟಿಯಲ್ಲಿ ಕ್ಯಾರೇಜ್ ರಿಟರ್ನ್‌ನ ಸಂಖ್ಯೆ 13, ಲೈನ್ ಫೀಡ್‌ನ ಸಂಖ್ಯೆ 10. ಪ್ರೋಗ್ರೆಸ್ ಬಾರ್ ನಿಂತಿರುವುದು ಈ 13ರ ಮೇಲೆ. ಪ್ರೋಗ್ರಾಂ ಒಂದು ಸಾಲು ಬರೆದು, ಹೊಸ ಸಾಲಿಗೆ ಇಳಿಯದೆ ಕರ್ಸರನ್ನು ಅದೇ ಸಾಲಿನ ಆರಂಭಕ್ಕೆ ತಂದು, ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಸಾಲಿನ ಕೊನೆಯ ಸಂಕೇತ ಬರುವವರೆಗೂ ಬರಹ ಬಫರಿನಲ್ಲೇ ಉಳಿಯುವುದು ಸಾಮಾನ್ಯ. ಇಲ್ಲಿ ಆ ಸಂಕೇತ ಬರುವುದೇ ಇಲ್ಲವಾದ್ದರಿಂದ ಪ್ರತಿ ಬಾರಿ ಬಫರನ್ನು ಬಲವಂತವಾಗಿ ಹೊರಗೆ ಹರಿಸಬೇಕು. ಮರೆತರೆ ಕೆಲಸವೆಲ್ಲ ಮುಗಿದ ಮೇಲೆ ಪಟ್ಟಿ ಒಮ್ಮೆಲೇ ಕಾಣಿಸಿಕೊಳ್ಳುತ್ತದೆ. ಹೊಸ ಬರಹ ಹಳೆಯದಕ್ಕಿಂತ ಗಿಡ್ಡವಾದರೆ ಹಳೆಯದರ ಬಾಲ ಉಳಿದುಬಿಡುತ್ತದೆ. ಅದನ್ನು ಖಾಲಿ ಜಾಗಗಳಿಂದ ಮುಚ್ಚಬೇಕು, ಇಲ್ಲವೇ ಸಾಲಿನ ತುದಿಯವರೆಗೆ ಅಳಿಸುವ ಸಂಕೇತ ಕಳಿಸಬೇಕು. ಪಟ್ಟಿ ಟರ್ಮಿನಲ್‌ನ ಅಗಲ ಮೀರಿದರೆ ಮುಂದಿನ ಸಾಲಿಗೆ ಮಡಚಿಕೊಳ್ಳುತ್ತದೆ. ಆಗ ಕರ್ಸರ್ ಮಡಚಿದ ಸಾಲಿನ ಆರಂಭಕ್ಕಷ್ಟೇ ಮರಳುವುದರಿಂದ ಪರದೆಯ ತುಂಬ ಪಟ್ಟಿಗಳ ಸಾಲೇ ಬೀಳುತ್ತದೆ.

ಪಟ್ಟಿಯನ್ನು ಪ್ರೋಗ್ರಾಂನ ಮುಖ್ಯ ಉತ್ಪನ್ನ ಹರಿಯುವ ದಾರಿಯಲ್ಲಿ ಬಿಡದೆ ದೋಷಸಂದೇಶಗಳಿಗೆಂದು ಇರುವ ಇನ್ನೊಂದು ದಾರಿಯಲ್ಲಿ ಕಳಿಸುವುದು ಒಳ್ಳೆಯ ಪದ್ಧತಿ. ಇಲ್ಲವಾದರೆ ಒಂದು ಪ್ರೋಗ್ರಾಂನ ಫಲಿತಾಂಶವನ್ನು ಇನ್ನೊಂದಕ್ಕೆ ಕೊಡುವಾಗ ಅದರೊಳಗೆ ಪಟ್ಟಿಯ ಚೂರುಗಳೂ ಸೇರಿಹೋಗುತ್ತವೆ. ಎದುರಿಗಿರುವುದು ನಿಜವಾಗಿ ಟರ್ಮಿನಲ್ಲೇ, ಅಥವಾ ಬರಹ ಕಡತಕ್ಕೆ ಹೋಗುತ್ತಿದೆಯೇ ಎಂದೂ ಮೊದಲು ಪರೀಕ್ಷಿಸಬೇಕು. ಪರೀಕ್ಷಿಸದ ಪ್ರೋಗ್ರಾಂ ಒಂದರ ಲಾಗ್ ಕಡತವನ್ನು ತೆರೆದರೆ ಸಾವಿರಾರು ಪಟ್ಟಿಗಳು ಒಂದರ ಪಕ್ಕ ಒಂದು ಬಿದ್ದಿರುತ್ತವೆ: ಶೇ 1, ಶೇ 2, ಶೇ 3. ಈ ಕಡತ ಒಂದು ಸತ್ಯವನ್ನು ಬಯಲು ಮಾಡುತ್ತದೆ. ಬೆಳೆಯುತ್ತ ಹೋದ ಒಂದು ಪಟ್ಟಿ ಎಂಬುದು ಎಂದೂ ಇರಲಿಲ್ಲ. ಇದ್ದದ್ದು ಒಂದನ್ನೊಂದು ಅಳಿಸಿದ ಬಿಡಿ ಬಿಡಿ ಸಾಲುಗಳು. ಅವನ್ನು ಹೊಲಿದು ಒಂದಾಗಿಸಿದ್ದು ನೋಡುವವರ ಮನಸ್ಸು. ಬೌದ್ಧರ ಕ್ಷಣಭಂಗವಾದವು ಜಗತ್ತಿನ ವಸ್ತುಗಳೆಲ್ಲದರ ಬಗ್ಗೆ ಹೇಳಿದ್ದು ಇದನ್ನೇ. ಶಂಕರರು ಅದನ್ನು ಖಂಡಿಸಿ ಕೇಳಿದ್ದು, ನಿನ್ನೆ ಕಂಡದ್ದೇ ಇದು ಎಂದು ಗುರುತಿಸುವವನಾದರೂ ಎರಡೂ ಕ್ಷಣಗಳಲ್ಲಿ ಒಬ್ಬನೇ ಆಗಿರಬೇಡವೇ ಎಂದು. ಪ್ರೋಗ್ರೆಸ್ ಬಾರ್‌ನ ಮಟ್ಟಿಗೆ ಎರಡೂ ಪಕ್ಷ ಸರಿ: ಪಟ್ಟಿ ಕ್ಷಣಿಕ, ಕಾಯುವವರು ಕ್ಷಣಿಕರಲ್ಲ. ಪಟ್ಟಿ ಸುಳ್ಳು ಹೇಳಿದರೆ ನಷ್ಟವಾಗುವುದು ಉಳಿದು ಕಾಯುವ ಆ ಮನುಷ್ಯರಿಗೆ.

ಈಗ ಮುಖ್ಯ ಪ್ರಶ್ನೆ: ಪಟ್ಟಿಯ ಮಾತನ್ನು ಯಾವ ಆಧಾರದ ಮೇಲೆ ನಂಬುವುದು? ದ್ವೈತ ವೇದಾಂತ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳನ್ನು, ಅಂದರೆ ಸರಿಯಾದ ಅರಿವಿನ ಸಾಧನಗಳನ್ನು, ಒಪ್ಪುತ್ತದೆ. ಮಧ್ವಾಚಾರ್ಯರ ‘ಪ್ರಮಾಣಲಕ್ಷಣ’ ಇವನ್ನು ಚಿಕ್ಕದಾಗಿ ನಿರೂಪಿಸಿದರೆ, ಮಳಖೇಡದ ಜಯತೀರ್ಥರು 14ನೇ ಶತಮಾನದಲ್ಲಿ ‘ಪ್ರಮಾಣಪದ್ಧತಿ’ಯಲ್ಲಿ ವಿವರವಾಗಿ ಬಿಡಿಸಿಟ್ಟರು. ಮೂರಕ್ಕೂ ಅಲ್ಲಿ ಹಾಕಿದ ಷರತ್ತು ಒಂದೇ, ದೋಷವಿಲ್ಲದಿರುವುದು. ದೋಷವಿಲ್ಲದ ಇಂದ್ರಿಯ ವಸ್ತುವನ್ನು ಮುಟ್ಟಿದರೆ ಪ್ರತ್ಯಕ್ಷ, ಯುಕ್ತಿ ದೋಷವಿಲ್ಲದ್ದಾದರೆ ಅನುಮಾನ, ಮಾತು ದೋಷವಿಲ್ಲದ್ದಾದರೆ ಆಗಮ. ಡೌನ್‌ಲೋಡ್ ಒಂದರ ಪ್ರೋಗ್ರೆಸ್ ಬಾರ್‌ನಲ್ಲಿ ಈ ಮೂರೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಇಷ್ಟು ಬೈಟು ಬಂತು ಎಂಬುದು ಪ್ರೋಗ್ರಾಂ ತಾನೇ ಎಣಿಸಿದ್ದು. ಒಟ್ಟು ಇಷ್ಟು ಬೈಟು ಇದೆ ಎಂಬುದು ಅದು ಕಂಡದ್ದಲ್ಲ, ಕೇಳಿದ್ದು. ಕಡತ ಕಳಿಸುವ ಸರ್ವರ್ ಮೊದಲೇ ತಿಳಿಸಿದ ಮಾತು. ಇನ್ನು ಇಷ್ಟು ನಿಮಿಷ ಬೇಕು ಎಂಬುದು ಊಹಿಸಿದ್ದು. ಶೇ 40 ಎಂಬ ಅಂಕಿ ಎಣಿಸಿದ್ದನ್ನು ಕೇಳಿದ್ದರಿಂದ ಭಾಗಿಸಿ ಬಂದದ್ದು. ಎರಡರಲ್ಲಿ ಒಂದು ತಪ್ಪಿದರೂ ಅಂಕಿ ತಪ್ಪು. ಆದರೆ ಪರದೆಯ ಮೇಲೆ ಮೂರೂ ಒಂದೇ ಬಣ್ಣದಲ್ಲಿ, ಒಂದೇ ಧೈರ್ಯದಿಂದ ನಿಂತಿರುತ್ತವೆ. ಪ್ರೋಗ್ರೆಸ್ ಬಾರ್‌ನ ನೈತಿಕ ದೋಷವೆಲ್ಲ ಈ ಬೆರಕೆಯಲ್ಲೇ ಇದೆ.

ಸರ್ವರ್ ಒಟ್ಟು ಗಾತ್ರ ಹೇಳದೆ ತುಂಡು ತುಂಡಾಗಿ ಕಳಿಸುವುದೂ ಉಂಟು. ಆಗ ಡಬ್ಲ್ಯು-ಗೆಟ್ ಎಂಬ ಡೌನ್‌ಲೋಡ್ ಪ್ರೋಗ್ರಾಂ ಶೇಕಡಾವಾರು ತೋರಿಸುವುದಿಲ್ಲ; <=> ಎಂಬ ಪುಟ್ಟ ಗುರುತು ಆವರಣದೊಳಗೆ ಅತ್ತಿಂದಿತ್ತ ಓಡಾಡುತ್ತದೆ, ಪಕ್ಕದಲ್ಲಿ ಬಂದಷ್ಟರ ಲೆಕ್ಕ ಇರುತ್ತದೆ. ಅದೇ ಕೆಲಸದ ಕರ್ಲ್ ಪ್ರೋಗ್ರಾಂ ಒಟ್ಟು ಸಮಯದ ಜಾಗದಲ್ಲಿ ಅಂಕಿಗಳ ಬದಲು ಗೆರೆಗಳನ್ನು ಎಳೆದು ಸುಮ್ಮನಾಗುತ್ತದೆ. ಕೆಲಸ ಸಾಗಿದೆ, ಕೊನೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಈ ನಡತೆ ಇಡೀ ಕ್ಷೇತ್ರದಲ್ಲಿ ಅತ್ಯಂತ ಗೌರವಾರ್ಹವಾದುದು. ಕಡತಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸುವ ಆರ್‌ಸಿಂಕ್ ಇನ್ನೂ ಸೂಕ್ಷ್ಮ. ಕಡತಗಳ ಯಾದಿಯನ್ನು ಇನ್ನೂ ಕೂಡಿಸುತ್ತಿರುವಾಗಲೇ ಅದು ಕಳಿಸುವ ಕೆಲಸವನ್ನೂ ಆರಂಭಿಸುತ್ತದೆ. ಹಾಗಾಗಿ ಉಳಿದ ಕಡತಗಳ ಲೆಕ್ಕವನ್ನು ಯಾದಿ ಪೂರ್ಣವಾಗುವ ಮೊದಲು ಒಂದು ಹೆಸರಿನಿಂದ, ಪೂರ್ಣವಾದ ಮೇಲೆ ಇನ್ನೊಂದು ಹೆಸರಿನಿಂದ ತೋರಿಸುತ್ತದೆ. ಒಟ್ಟು ಎಂಬುದೇ ಇನ್ನೂ ಬೆಳೆಯುತ್ತಿದೆ ಎಂದು ಬಳಕೆದಾರನಿಗೆ ತಿಳಿಸುವ ದಾರಿ ಅದು.

ಎಣಿಸಿದ್ದು ಪ್ರತ್ಯಕ್ಷವಾದ್ದರಿಂದ ಅಲ್ಲಿ ದೋಷ ಬಾರದು ಎನ್ನುವಂತಿಲ್ಲ. ಲಿನಕ್ಸ್‌ನಲ್ಲಿ ದೊಡ್ಡ ಕಡತವೊಂದನ್ನು ಪೆನ್‌ಡ್ರೈವ್‌ಗೆ ನಕಲು ಮಾಡುವಾಗ ಪ್ರೋಗ್ರಾಂ ಕಡತವನ್ನು ಆಪರೇಟಿಂಗ್ ಸಿಸ್ಟಂನ ಕೈಗೆ ಕೊಡುತ್ತದೆ. ಸಿಸ್ಟಂ ಅದನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಬಿಡುವಾದಂತೆ ಪೆನ್‌ಡ್ರೈವ್‌ಗೆ ಬರೆಯುತ್ತದೆ. ಪಟ್ಟಿ ಎಣಿಸುವುದು ಕೈಗೆ ಕೊಟ್ಟದ್ದನ್ನು. ಅದು ಶೇ 100 ಮುಟ್ಟಿದ ಹೊತ್ತಿಗೆ ಎಷ್ಟೋ ಭಾಗ ಇನ್ನೂ ಮೆಮೊರಿಯಲ್ಲೇ ಇರಬಹುದು. ನಂಬಿ ಪೆನ್‌ಡ್ರೈವ್ ಕಿತ್ತರೆ ಕಡತ ಹಾಳು. ಪೀಣ್ಯದಲ್ಲಿ ಡೈ ಮತ್ತು ಅಚ್ಚುಗಳನ್ನು ಕೊರೆಯುವಾಗ ಇದೇ ದೋಷ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಮಷೀನಿಗೆ ಆದೇಶ ಕೊಡುವ ಉದ್ದದ ಜಿ-ಕೋಡ್ ಹಳೆಯ ಸಿಎನ್‌ಸಿ ಕಂಟ್ರೋಲರಿನ ಮೆಮೊರಿಯಲ್ಲಿ ಹಿಡಿಸದಿದ್ದರೆ ಕಂಪ್ಯೂಟರಿನಿಂದ ಆರ್‌ಎಸ್-232 ಕೇಬಲ್ ಮೂಲಕ ಸ್ವಲ್ಪ ಸ್ವಲ್ಪವಾಗಿ ಹರಿಸುತ್ತಾರೆ. ಅದಕ್ಕೆ ಡ್ರಿಪ್ ಫೀಡ್ ಎಂದು ಹೆಸರು. ಪರದೆ ತೋರಿಸುವ ಶೇಕಡಾವಾರು ಕಳಿಸಿದ ಸಾಲುಗಳದು. ಒಂದು ಸಾಲು ಟೂಲನ್ನು ಗಾಳಿಯಲ್ಲಿ ಕ್ಷಣಾರ್ಧದಲ್ಲಿ ಸರಿಸಬಹುದು, ಮುಂದಿನ ಸಾಲು ಉಕ್ಕಿನೊಳಗೆ ನಿಧಾನವಾಗಿ ಬಹುದೂರ ಕೊರೆಯಬಹುದು. ಅನುಭವಿ ಆಪರೇಟರ್ ಪರದೆಗಿಂತ ಹೆಚ್ಚು ಕೊರೆತದ ಸದ್ದನ್ನು ನಂಬುವುದಕ್ಕೆ ಇದೇ ಕಾರಣ. ಎಣಿಕೆ ಸರಿಯಿದ್ದರೂ, ಏನನ್ನು ಎಣಿಸಲಾಗುತ್ತಿದೆ ಎಂಬುದನ್ನು ಮರೆಮಾಡಿದರೆ ಅದು ದೋಷಯುಕ್ತ ಪ್ರತ್ಯಕ್ಷವೇ.

ಅನುಮಾನದ ಸ್ಥಿತಿ ಇದಕ್ಕಿಂತ ದುರ್ಬಲ. ಇದುವರೆಗಿನ ವೇಗವೇ ಮುಂದೆಯೂ ಇರುತ್ತದೆ ಎಂದು ಹಿಡಿದು ಉಳಿದ ಕೆಲಸವನ್ನು ಆ ವೇಗದಿಂದ ಭಾಗಿಸಿದರೆ ಉಳಿದ ಸಮಯ ಬರುತ್ತದೆ. ನ್ಯಾಯದರ್ಶನದ ನೈಯಾಯಿಕರು ಇಂಥ ಕಡೆ ವ್ಯಾಪ್ತಿ, ಅಂದರೆ ತಪ್ಪದ ಸಂಬಂಧ, ಇದೆಯೇ ಎಂದು ಕೇಳುತ್ತಾರೆ. ಹೊಗೆ ಇದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ. ಬೆಂಕಿ ಇದ್ದಲ್ಲಿ ಹೊಗೆ ಇರಲೇಬೇಕೆಂದಿಲ್ಲ, ಅದಕ್ಕೆ ಹಸಿ ಸೌದೆ ಬೇಕು. ಈ ಹಸಿ ಸೌದೆಗೆ ಅವರ ಪರಿಭಾಷೆಯಲ್ಲಿ ಉಪಾಧಿ ಎಂದು ಹೆಸರು. ಉಪಾಧಿ ಇದ್ದಲ್ಲಿ ಅನುಮಾನ ಕೆಡುತ್ತದೆ. ಹಿಂದಿನ ವೇಗದಿಂದ ಮುಂದಿನ ವೇಗವನ್ನು ಊಹಿಸುವಲ್ಲಿ ಉಪಾಧಿಗಳು ಹೆಜ್ಜೆಹೆಜ್ಜೆಗೂ ಇವೆ: ಜಾಲದ ದಟ್ಟಣೆ ಬದಲಾಗಬಾರದು, ಉಳಿದ ಕಡತಗಳು ಮುಗಿದ ಕಡತಗಳಂತೆಯೇ ಇರಬೇಕು, ಕೊನೆಯ ಹಂತ ಮೊದಲಿನ ಹಂತಗಳಿಗಿಂತ ಬೇರೆ ಜಾತಿಯದ್ದಾಗಿರಬಾರದು. ದೊಡ್ಡ ಸಿ++ ಪ್ರಾಜೆಕ್ಟುಗಳ ಬಿಲ್ಡ್‌ನಲ್ಲಿ ಕೊನೆಯ ಷರತ್ತು ಆಗಾಗ ಮುರಿಯುತ್ತದೆ. ಸಾವಿರಾರು ಚಿಕ್ಕ ಕಡತಗಳು ಸರಸರನೆ ಕಂಪೈಲ್ ಆಗಿ, ಎಲ್ಲವನ್ನೂ ಜೋಡಿಸುವ ಲಿಂಕಿಂಗ್ ಒಂದೇ ಉಳಿದಾಗ ಪಟ್ಟಿ ಶೇ 99ರಲ್ಲಿ ನಿಂತುಬಿಡುತ್ತದೆ. ನಿಂಜಾ ಎಂಬ ಬಿಲ್ಡ್ ಪ್ರೋಗ್ರಾಂ ತಾನಾಗಿ ಶೇಕಡಾವಾರು ತೋರಿಸದೆ, ಮುಗಿದ ಕೆಲಸ ಇಷ್ಟು, ಒಟ್ಟು ಇಷ್ಟು ಎಂದು ಎರಡು ಸಂಖ್ಯೆಗಳನ್ನಷ್ಟೇ ಕೊಡುತ್ತದೆ. ಇದು ಶೇಕಡಾವಾರಿಗಿಂತ ಮೇಲು. ಹತ್ತು ಕೆಲಸ ಬಾಕಿ ಎಂಬ ಮಾತಿನಲ್ಲಿ ಸಮಯದ ಸೋಗು ಇಲ್ಲ.

ಊಹೆಗೆ ಒಂದು ಕಟ್ಟಕಡೆಯ ಗಡಿಯೂ ಇದೆ. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ನಿಲ್ಲುತ್ತದೆಯೇ ಇಲ್ಲವೇ ಎಂದು ಹೇಳಬಲ್ಲ ಸಾರ್ವತ್ರಿಕ ವಿಧಾನ ಸಾಧ್ಯವಿಲ್ಲ ಎಂಬುದು ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ಮಂಡಿಸಿದ ಪುರಾವೆಯಿಂದ ಸಿದ್ಧವಾಗುತ್ತದೆ. ಎಲ್ಲ ಪ್ರೋಗ್ರಾಂಗಳಿಗೂ ತಪ್ಪದ ಪ್ರೋಗ್ರೆಸ್ ಬಾರ್ ಬಿಡಿಸಬಲ್ಲ ವಿಧಾನ ಇದ್ದಿದ್ದರೆ ಆ ಪ್ರಶ್ನೆಗೂ ಉತ್ತರ ಸಿಗುತ್ತಿತ್ತು. ಆದ್ದರಿಂದ ಅಂಥದ್ದು ಇಲ್ಲ, ಎಷ್ಟು ವೇಗದ ಯಂತ್ರ ಬಂದರೂ ಬರುವುದಿಲ್ಲ.

ಪಟ್ಟಿಯ ಬಗೆಗಿನ ಇನ್ನೊಂದು ನಂಬಿಕೆ, ಅದು ಹಿಂದೆ ಸರಿಯಬಾರದು ಎಂಬುದು. ಶೇ 60 ತೋರಿಸಿ ಆಮೇಲೆ ಶೇ 45 ತೋರಿಸಿದರೆ ದೋಷ ಎಂದೇ ಬಳಕೆದಾರರು ದೂರುತ್ತಾರೆ. ಹಾಗಾಗಿ ಒಟ್ಟು ಕೆಲಸ ಹೆಚ್ಚಿದ್ದು ಗೊತ್ತಾದರೂ ಪಟ್ಟಿಯನ್ನು ಇದ್ದಲ್ಲೇ ಹಿಡಿದು ನಿಲ್ಲಿಸುವ ಪ್ರೋಗ್ರಾಂಗಳಿವೆ. ಈ ಸಂಕೋಚ ಜೈನ ಶಾಸ್ತ್ರಕಾರರಿಗೆ ಇರಲಿಲ್ಲ. ಗಂಗರ ಮಂತ್ರಿ ಚಾವುಂಡರಾಯನ ಕಾಲದಲ್ಲಿ, 10ನೇ ಶತಮಾನದಲ್ಲಿ, ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ರಚಿಸಿದ ‘ಗೊಮ್ಮಟಸಾರ’ ಜೀವದ ಉನ್ನತಿಯನ್ನು 14 ಗುಣಸ್ಥಾನಗಳಲ್ಲಿ ಅಳೆಯುತ್ತದೆ. ಮಿಥ್ಯಾತ್ವ ಮೊದಲನೆಯದು, ಅಯೋಗಕೇವಲಿ ಕೊನೆಯದು. ಈ ಅಳತೆಪಟ್ಟಿಯಲ್ಲಿ ಬೀಳುವುದಕ್ಕೂ ಜಾಗ ಇದೆ. ಎರಡನೆಯ ಸ್ಥಾನವಾದ ಸಾಸಾದನವನ್ನು ಯಾರೂ ಮೊದಲನೆಯದರಿಂದ ಏರಿ ತಲುಪುವುದಿಲ್ಲ; ಮೇಲಿನಿಂದ ಜಾರುವಾಗ ಮಾತ್ರ ಅದು ಸಿಗುತ್ತದೆ. 11ನೆಯದಾದ ಉಪಶಾಂತಮೋಹದಲ್ಲಿ ಮೋಹ ಅಡಗಿರುತ್ತದೆ, ಅಳಿದಿರುವುದಿಲ್ಲ. ಹಾಗಾಗಿ ಅಲ್ಲಿಗೆ ಏರಿದ ಜೀವ ನೇರವಾಗಿ 12ಕ್ಕೆ ಹೋಗಲಾರದು, ಕೆಳಗಿಳಿಯಲೇಬೇಕು. ಮೋಹವನ್ನು ಕ್ಷಯಿಸುತ್ತ ಬಂದ ಜೀವವಾದರೋ 10ರಿಂದ ನೇರವಾಗಿ 12ಕ್ಕೆ ದಾಟುತ್ತದೆ. ಸ್ಥಾನಗಳ ಕಾಲವೂ ಸಮನಲ್ಲ: 14ನೆಯದು ಇರುವುದು ಐದು ಹ್ರಸ್ವಾಕ್ಷರ ಉಚ್ಚರಿಸುವಷ್ಟು ಹೊತ್ತು. ನೂರನ್ನು 14ರಿಂದ ಭಾಗಿಸಿ ಒಂದು ಸ್ಥಾನಕ್ಕೆ ಶೇ 7 ಎಂದು ಲೆಕ್ಕ ಹಾಕುವುದು ಇಲ್ಲಿ ಅರ್ಥಹೀನ. ಗುರಿಯ ಹತ್ತಿರ ಬಂದಂತೆ ಕಾಣುವುದಕ್ಕೂ ನಿಜವಾಗಿ ಬರುವುದಕ್ಕೂ ಇರುವ ಅಂತರವನ್ನು ಇಷ್ಟು ನಿಖರವಾಗಿ ಹೇಳಿದ ಅಳತೆ ಬೇರೆ ಸಿಗುವುದು ಕಷ್ಟ. ಒಟ್ಟು ಹೆಚ್ಚಿದಾಗ ಹಿಂದೆ ಸರಿಯುವ ಪ್ರೋಗ್ರೆಸ್ ಬಾರ್ ಪ್ರಾಮಾಣಿಕವಾದದ್ದು. ಮುಜುಗರಕ್ಕೆ ಅಂಜಿ ನಿಂತಲ್ಲೇ ನಿಂತದ್ದು ಅಲ್ಲ.

ಗುರಿ ಎಂಬುದು ಭಾಗಗಳ ಮೊತ್ತವೇ ಎಂಬ ಪ್ರಶ್ನೆ ಇದಕ್ಕಿಂತ ಆಳವಾದುದು. ವೀರಶೈವ ಪರಂಪರೆಯ ಷಟ್‌ಸ್ಥಲ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳನ್ನು ಹೇಳುತ್ತದೆ. ಅದನ್ನು ಶಾಸ್ತ್ರವಾಗಿ ವ್ಯವಸ್ಥೆಗೊಳಿಸಿದ ಕೀರ್ತಿ ಚೆನ್ನಬಸವಣ್ಣನದು. ಒಂದೊಂದು ಸ್ಥಲದೊಳಗೂ ಆರೂ ಸ್ಥಲಗಳನ್ನು ಕಾಣುವ ವಿವರಣೆ ಆ ಪರಂಪರೆಯಲ್ಲೇ ಬೆಳೆಯಿತು. ಆಗ ಭಕ್ತಸ್ಥಲ ಎಂಬುದು ಆರರಲ್ಲಿ ಒಂದು ಪಾಲು ಎನ್ನುವಂತಿಲ್ಲ. ಅಲ್ಲಿ ಐಕ್ಯವೂ ಬೀಜರೂಪದಲ್ಲಿ ಇದೆ. ಶಂಕರರ ನಿಲುವು ಇನ್ನೂ ಕಠಿಣ. ಕರ್ಮದಿಂದ ಒಂದು ವಸ್ತು ಹುಟ್ಟಬಹುದು, ಮಾರ್ಪಡಬಹುದು, ದೊರಕಬಹುದು, ಸಂಸ್ಕಾರ ಹೊಂದಬಹುದು; ಮೋಕ್ಷ ಈ ನಾಲ್ಕರಲ್ಲಿ ಯಾವುದೂ ಅಲ್ಲ ಎಂದು ಅವರು ಬ್ರಹ್ಮಸೂತ್ರಭಾಷ್ಯದ ಸಮನ್ವಯಾಧಿಕರಣದಲ್ಲಿ ವಾದಿಸುತ್ತಾರೆ. ಮಾಡಿ ಮುಗಿಸುವಂಥದ್ದಲ್ಲದ ಮೇಲೆ ಅರ್ಧ ಮುಗಿಯಿತು ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ.

ಕಂಪ್ಯೂಟರ್ ಕೆಲಸಗಳಲ್ಲೂ ಈ ಭೇದ ಇದೆ. ನಕಲು ಮಾಡುವುದು ಭಾಗಗಳಿಂದ ಆಗುವ ಕೆಲಸ. ಅರ್ಧ ನಕಲು ಎಂಬುದಕ್ಕೆ ಅರ್ಥವಿದೆ. ಹುಡುಕುವುದು ಹಾಗಲ್ಲ. ಲಕ್ಷ ಕಡತಗಳಲ್ಲಿ ಒಂದು ಹೆಸರನ್ನು ಹುಡುಕುವಾಗ ಪಟ್ಟಿ ಹೇಳಬಲ್ಲದ್ದು ಎಷ್ಟು ಕಡತ ನೋಡಿ ಆಯಿತು ಎಂದಷ್ಟೇ. ಸಿಗುವುದು ಎಷ್ಟು ಹತ್ತಿರ ಬಂತು ಎಂಬುದನ್ನು ಅದು ಹೇಳಲಾರದು, ಏಕೆಂದರೆ ಸಿಗುವುದು ಮುಂದಿನ ಕಡತದಲ್ಲಾಗಬಹುದು, ಸಿಗದೆಯೂ ಹೋಗಬಹುದು. ದೋಷ ನುಸುಳಿದ ಆವೃತ್ತಿಯನ್ನು ಅರ್ಧರ್ಧ ಮಾಡುತ್ತ ಪತ್ತೆಹಚ್ಚುವ ಗಿಟ್ ಬೈಸೆಕ್ಟ್ ಇದಕ್ಕೆ ಅಪವಾದ. ಇನ್ನು ಸುಮಾರು ಇಷ್ಟು ಹೆಜ್ಜೆ ಎಂದು ಅದು ಆಧಾರಸಹಿತವಾಗಿ ಹೇಳುತ್ತದೆ. ಇದು ನಕಲಿನ ಜಾತಿಯ ಕೆಲಸವೋ ಹುಡುಕಾಟದ ಜಾತಿಯದೋ ಎಂಬ ವಿವೇಚನೆ ಪಟ್ಟಿ ಬಿಡಿಸುವ ಮೊದಲು ಆಗಬೇಕು. ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಎಷ್ಟು ಪರ್ಸೆಂಟ್ ಆಯ್ತು ಎಂಬ ಪ್ರಶ್ನೆಯನ್ನು ಮನುಷ್ಯರಿಗೂ ಕೇಳುತ್ತಾರೆ. ದೋಷದ ಕಾರಣವನ್ನೇ ಇನ್ನೂ ಕಾಣದ ಎಂಜಿನಿಯರ್ ಶೇ 80 ಎನ್ನಬೇಕಾಗಿ ಬರುವುದು ಸುಳ್ಳು ಹೇಳಿಸುವ ವ್ಯವಸ್ಥೆ. ಅದನ್ನು ಬಿಡುವುದೇ ಸರಿ.

ಸಾರ್ವಜನಿಕ ಕಾಮಗಾರಿಗಳ ಶೇಕಡಾವಾರಿಗೂ ಈ ವಿವೇಚನೆ ಬೇಕು. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ನಮ್ಮ ಮೆಟ್ರೊ ಹಳದಿ ಮಾರ್ಗದಲ್ಲಿ ಹಳಿ, ನಿಲ್ದಾಣಗಳು ಸಿದ್ಧವಾದ ಮೇಲೂ ರೈಲುಗಳು ಬರುವುದಕ್ಕಾಗಿ ಕಾಯಬೇಕಾಯಿತು. ಸಂಚಾರ ಆರಂಭವಾದದ್ದು 2025ರ ಆಗಸ್ಟ್‌ನಲ್ಲಿ. ಕಟ್ಟುವ ಕೆಲಸದ ಎಣಿಕೆ ಪ್ರಯಾಣಿಕನ ಗುರಿಯ ಎಣಿಕೆ ಆಗಿರಲಿಲ್ಲ.

ಕಾಯುವವರಿಗೆ ಸಮಾಧಾನ ಸಿಗುವುದಾದರೆ ಸ್ವಲ್ಪ ಸುಳ್ಳಿದ್ದರೇನು ಎಂಬ ವಾದವೂ ಬಲವಾಗಿದೆ. ಪ್ರೋಗ್ರೆಸ್ ಬಾರ್ ಇದ್ದರೆ ಬಳಕೆದಾರರಿಗೆ ಇಷ್ಟವಾಗುತ್ತದೆ ಎಂದು ಸಂಶೋಧಕ ಬ್ರಾಡ್ ಮೈಯರ್ಸ್ 1985ರಲ್ಲೇ ಪ್ರಯೋಗ ಮಾಡಿ ತೋರಿಸಿದರು. ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು 2007ರಲ್ಲಿ ಒಂದೇ ಅವಧಿಯ ಪಟ್ಟಿಗಳನ್ನು ಬೇರೆಬೇರೆ ಗತಿಯಲ್ಲಿ ಓಡಿಸಿದರು. ಕೊನೆಯಲ್ಲಿ ವೇಗ ಹೆಚ್ಚುವ ಪಟ್ಟಿ ಬೇಗ ಮುಗಿದಂತೆಯೂ, ಕೊನೆಯ ಹತ್ತಿರ ತಡೆಯುವ ಪಟ್ಟಿ ತಡವಾದಂತೆಯೂ ಜನಕ್ಕೆ ಅನಿಸಿತು. ಪಟ್ಟಿಯೊಳಗೆ ಹಿಮ್ಮುಖ ಹರಿಯುವ ಗೆರೆಗಳಿದ್ದರೂ ಹೊತ್ತು ಕಡಿಮೆಯಾದಂತೆ ಕಾಣುತ್ತದೆ ಎಂದು 2010ರ ಅವರ ಮುಂದಿನ ಅಧ್ಯಯನ ಹೇಳಿತು. ಗೆರೆಗಳ ಅಲಂಕಾರದಲ್ಲಿ ದೋಷವಿಲ್ಲ. ಅದು ಏನನ್ನೂ ಪ್ರತಿಪಾದಿಸುವುದಿಲ್ಲ. ಅಂಕಿಯನ್ನು ತಿದ್ದುವುದು ಬೇರೆ. ಅರಿವಿನ ಪ್ರಾಮಾಣ್ಯ ಸ್ವತಃ ಬರುತ್ತದೆ, ಅಪ್ರಾಮಾಣ್ಯ ಮಾತ್ರ ಹೊರಗಿನ ಕಾರಣದಿಂದ ತಿಳಿಯುತ್ತದೆ ಎಂದು ಮೀಮಾಂಸಕರೂ ವೇದಾಂತಿಗಳೂ ಹೇಳಿದರು. ಕಂಡ ಅಂಕಿಯನ್ನು ಮನುಷ್ಯ ಮೊದಲು ನಂಬುತ್ತಾನೆ, ಬಾಧಕ ಕಂಡಮೇಲಷ್ಟೇ ಬಿಡುತ್ತಾನೆ. ಮೊದಲು ನಂಬುವ ಈ ಗುಣದ ಮೇಲೆ ಕಟ್ಟಿದ ಉಪಾಯ ಅದನ್ನೇ ತಿಂದುಹಾಕುತ್ತದೆ: ಶೇ 99ರಲ್ಲಿ ಹಲವು ಬಾರಿ ಕಾದವರು ನಿಜವಾದ ಶೇ 99ನ್ನೂ ನಂಬುವುದಿಲ್ಲ.

ಆಗಮ ಪ್ರಮಾಣವಾಗಬೇಕಾದರೆ ಮಾತು ಕೇಳುವವನಿಗೆ ಅರ್ಥವಾಗಬೇಕು. ಬೆಂಗಳೂರಿನಲ್ಲಿ ಇದರರ್ಥ ಕನ್ನಡದ ಪಟ್ಟಿ. ಟರ್ಮಿನಲ್ ಪರದೆ ಸಮಾನ ಅಗಲದ ಕೋಶಗಳ ಜಾಲ. ಒಂದು ಅಕ್ಷರಕ್ಕೆ ಇಷ್ಟು ಕೋಶ ಎಂಬ ಲೆಕ್ಕದ ಮೇಲೆ ಅದು ನಡೆಯುತ್ತದೆ. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳು ಹಲವು ಯೂನಿಕೋಡ್ ಸಂಕೇತಗಳು ಕೂಡಿ ಆಗುವಂಥವು. ಟರ್ಮಿನಲ್ ಹಾಕುವ ಲೆಕ್ಕಕ್ಕೂ ಫಾಂಟ್ ಬಿಡಿಸುವ ಆಕಾರಕ್ಕೂ ಹೊಂದದೆ ಹೋದಾಗ ಪಟ್ಟಿಯ ಬಲ ಅಂಚು ಕುಣಿಯುತ್ತದೆ. ಇದಕ್ಕೆ ಸುಲಭದ ದಾರಿ ಇದೆ. ಕೆಲಸದ ಹೆಸರನ್ನೂ ಎಣಿಸುತ್ತಿರುವುದು ಏನನ್ನು ಎಂಬುದನ್ನೂ ಕನ್ನಡದಲ್ಲಿ ಮೇಲಿನ ಸಾಲಿನಲ್ಲಿ ಒಮ್ಮೆ ಬರೆದು ಮುಗಿಸಿ, ಕೆಳಗಿನ ಸಾಲಿನಲ್ಲಿ ಬರೀ ಗುರುತು ಮತ್ತು ಅಂಕಿಗಳ ಪಟ್ಟಿಯನ್ನು ಓಡಿಸಬೇಕು. ಆಗ ಯಾವ ಟರ್ಮಿನಲ್‌ನಲ್ಲೂ ಸಾಲು ಕೆಡುವುದಿಲ್ಲ. ಪೀಣ್ಯದ ರಾತ್ರಿ ಪಾಳಿಗೆ, ಎಲೆಕ್ಟ್ರಾನಿಕ್ ಸಿಟಿಯ ಸರ್ವರ್ ಕೋಣೆಗೆ ಪ್ರೋಗ್ರಾಂ ಬರೆಯುವವರು ‘ಕಳಿಸಿದ ಸಾಲುಗಳು’ ಎಂದೋ ‘ಬರೆದು ಮುಗಿದ ಬೈಟುಗಳು’ ಎಂದೋ ಆ ಮೇಲಿನ ಸಾಲನ್ನು ಕನ್ನಡದಲ್ಲಿ ಬರೆಯಲಿ. ಒಟ್ಟು ತಿಳಿಯದಿದ್ದಲ್ಲಿ ಶೇಕಡಾವಾರಿನ ಜಾಗವನ್ನು ಖಾಲಿ ಬಿಡಲಿ.